ಒದೆಯುವ ಕಾರೂ ಮೂರಂತಸ್ತಿನ ಕೇಕೂ

ನನ್ನ ಗಾಡಿಯ ಕಾಯಿಲೆಗೆ ನಾನೇ ವೈದ್ಯ! ಹೀಗೆಂದು ನಾನು ನಮ್ಮ ಹಜಾರದ ನಟ್ಟನಡುವೆ, ಹೆಂಡತಿಯ ಎದುರಿಗೆ ನಿಂತು ಮೀಸೆ ತಿರುವಿದೆ. ತಿರುವುವುದಕ್ಕೆ ನನಗೆ ಮೀಸೆ ಇಲ್ಲ ಎಂಬುದು ಬೇರೆ ಮಾತು. ಧಾಟಿ ಮಾತ್ರ ಮೀಸೆ ಇದ್ದವರದೇ.

ಹಾಗೆ ಹೇಳುವುದಕ್ಕೆ ನನಗೆ ಹಕ್ಕೂ ಇತ್ತು ಸ್ವಾಮಿ. ಇಪ್ಪತ್ತು ವರ್ಷಕ್ಕೂ ಮೇಲೆ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು ನಾನು. ಈ ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯುವುದನ್ನು ನಾನೇ ಕಲಿಸಿದೆ. ಉಳಿದರ್ಧ ಜನ ಅವರನ್ನು ಕಂಡು ಫುಟ್‌ಪಾತ್ ಹತ್ತುವುದನ್ನು ತಾವಾಗಿಯೇ ಕಲಿತರು. "ಕ್ಲಚ್ ಒತ್ತು! ಒತ್ತೋ ಮಾರಾಯ, ಕ್ಲಚ್ಚು!" ಎಂದು ಕೂಗಿ ಕೂಗಿ ನನ್ನ ಗಂಟಲು ಕೆಟ್ಟಿತು, ಹೆಸರೂ ಕೆಟ್ಟಿತು. ಊರಿಗೆಲ್ಲ ನಾನು 'ಕ್ಲಚ್ ಮೇಷ್ಟ್ರು' ಆದೆ. ಶಿಷ್ಯ ಒತ್ತದಿದ್ದರೆ ಪಕ್ಕದ ಸೀಟಿನಲ್ಲಿ ಕೂತು, ನನಗೆಂದೇ ಇದ್ದ ಇನ್ನೊಂದು ಪೆಡಲನ್ನು ನಾನೇ ಒತ್ತಿ ಪ್ರಾಣ ಉಳಿಸುತ್ತಿದ್ದೆ. ಅವನದೂ, ನನ್ನದೂ.

ಇಷ್ಟೆಲ್ಲ ಜನಕ್ಕೆ ಕಲಿಸಿದವನಿಗೆ ಒಬ್ಬಳಿಗೆ ಮಾತ್ರ ಕಲಿಸಲಾಗಲಿಲ್ಲ. ನನ್ನ ಹೆಂಡತಿಗೆ! ಮೊದಲನೇ ಪಾಠದಲ್ಲೇ ಅವಳು ಗಾಡಿಯನ್ನು ಸರ್ಕಲ್ಲಿನಲ್ಲಿ ನಿಲ್ಲಿಸಿ, ಇಳಿದು, ಬಾಗಿಲು ಬಡಿದು, ನಡೆದುಕೊಂಡು ಮನೆಗೆ ಹೋದಳು. ಆಮೇಲೆ ನನಗೊಂದು ಮಾತೂ ಹೇಳದೆ ಬೇರೆ ಸ್ಕೂಲಿಗೆ ಸೇರಿ, ಆಟೋಮ್ಯಾಟಿಕ್ ಕಾರಿನಲ್ಲಿ ಕಲಿತು, ಲೈಸೆನ್ಸ್ ತಂದು ನನ್ನ ಊಟದ ತಟ್ಟೆಯ ಪಕ್ಕ ಇಟ್ಟಳು.

"ಆಟೋಮ್ಯಾಟಿಕ್ಕಾ?" ಎಂದು ನಾನು ನಕ್ಕೆ. "ಗೇರ್ ಹಾಕೋ ಹಾಗಿಲ್ಲ, ಕ್ಲಚ್ ಒತ್ತೋ ಹಾಗಿಲ್ಲ. ಅದೂ ಒಂದು ಓಡ್ಸೋದಾ? ಲಿಫ್ಟಲ್ಲಿ ಹೋಗಿ ಬೆಟ್ಟ ಹತ್ತಿದೆ ಅಂದ ಹಾಗಾಯ್ತು!"

"ಮೇಲೆ ಹೋಗಿ ಮುಟ್ಟಿದ್ನೋ ಇಲ್ವೋ, ಅದನ್ನ ಹೇಳಿ," ಎಂದಳು.

ಅವಳದು ಕೇಕಿನ ಕಸುಬು. ನಮ್ಮ ಅಡುಗೆಮನೆಯೇ ಅವಳ ಕಾರ್ಖಾನೆ. ಫ್ರಿಜ್ಜಿನಲ್ಲಿ ನನ್ನ ನೀರಿನ ಬಾಟಲಿಗೆ ಜಾಗವಿಲ್ಲ, ಎಲ್ಲ ಕ್ರೀಮಿನ ಡಬ್ಬಿಗಳೇ. ಅಕ್ಕಪಕ್ಕದ ಮನೆಗಳಿಗೆ ಕೈಯಲ್ಲೇ ಹೊತ್ತು ಕೊಟ್ಟು ಬರುತ್ತಿದ್ದಳು. ದೂರದ ಆರ್ಡರು ಹಿಡಿಯಬೇಕೆಂದು ತನ್ನ ದುಡಿಮೆಯಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ಕೊಂಡಳು. ಕೊಂಡವಳು ಅವಳು, ಕೀ ಮಾತ್ರ ಬಂದು ಬಿದ್ದದ್ದು ನನ್ನ ಜೇಬಿಗೆ. "ಯಾರೋ ಓಡ್ಸಿದ ಗಾಡಿ ಕಣೇ. ಮೊದ್ಲು ನಾನು ಪರೀಕ್ಷೆ ಮಾಡ್ತೀನಿ, ಆಮೇಲೆ ನೀನು," ಎಂದೆ.

ಪರೀಕ್ಷೆಯಲ್ಲಿ ಗಾಡಿ ಫೇಲು! ಹೊರಟಿತು, ವೇಗ ಏರಿತು, ಎಂಜಿನ್ನಿನ ಸದ್ದು ಬಿಗಿಯಾಯಿತು, ಇನ್ನೇನು ಮೇಲಿನ ಗೇರಿಗೆ ತಾನೇ ಬದಲಾಗಬೇಕು, ಅಷ್ಟರಲ್ಲಿ ಧಡಕ್! ಕತ್ತೆ ಒದ್ದ ಹಾಗೆ ಒಂದು ಒದೆತ. ನನ್ನ ಮೂಗು ಸ್ಟೀರಿಂಗಿನವರೆಗೆ ಹೋಗಿ ಬಂತು. ಮುಂದಿನ ಗೇರಿಗೆ ಇನ್ನೊಂದು ಧಡಕ್! ನಾನು ತಕ್ಷಣ ರೋಗ ಪತ್ತೆ ಮಾಡಿದೆ. ಗೇರ್‌ಬಾಕ್ಸ್ ಕೆಟ್ಟಿದೆ. ಮೀಸೆ ಪ್ರಸಂಗ ನಡೆದದ್ದು ಆಗಲೇ.

ಆದರೂ ಎಣ್ಣೆ ಬದಲಿಸುವಂಥ ಕೊಳಕು ಕೆಲಸಕ್ಕೆ ಗ್ಯಾರೇಜೇ ಆಗಬೇಕು. ಅಲ್ಲಿಯ ಮೆಕ್ಯಾನಿಕ್ ನನ್ನ ಹಳೆಯ ಶಿಷ್ಯ. ಅವನು ಗಾಡಿ ತೆಗೆದುಕೊಂಡು ಹೋಗಿ ಒಂದು ಸುತ್ತು ಹಾಕಿ ಬಂದ.

"ಮೇಷ್ಟ್ರೇ, ಬೆಣ್ಣೆ ಥರ ಹೋಗ್ತಿದೆ. ಏನೂ ತೊಂದ್ರೆ ಇಲ್ಲ."

"ನಿನ್ ಮುಂದೆ ಒಳ್ಳೇತನ ತೋರಿಸ್ತಿದೆ ಕಣಯ್ಯಾ. ನಾನು ಕೂತ್ರೆ ಒದೆಯುತ್ತೆ!"

"ಹಾಗಾದ್ರೆ ನೀವು ಓಡ್ಸಿ, ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

"ಏನಂದೆ? ನಾನು ಓಡ್ಸೋದನ್ನ ನೀನು ಪಕ್ಕದಲ್ಲಿ ಕೂತು ನೋಡ್ತೀಯಾ? ಗುರುವಿಗೇ ಪರೀಕ್ಷೆನಾ?"

ಪಾಪ, ಅವನು ನಾಲಿಗೆ ಕಚ್ಚಿಕೊಂಡ. ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಗೇರ್‌ಬಾಕ್ಸಿನ ಎಣ್ಣೆ ಬಸಿದು ಹೊಸದು ತುಂಬಿಸಿದ. ಹೊಸ ಎಣ್ಣೆ ಕುಡಿದು ಗಾಡಿ ಇನ್ನಷ್ಟು ಹುರುಪಿನಿಂದ ಒದೆಯಿತು.

ಆಗ ನಾನು ಓದಲು ಕೂತೆ. ಓದು ಬಲು ಅಪಾಯಕಾರಿ! ಈ ಕಾಲದ ಗೇರ್‌ಬಾಕ್ಸುಗಳು ಓಡಿಸುವವನ ರೀತಿ ನೋಡಿ ಕಲಿಯುತ್ತವೆ ಎಂದು ಎಲ್ಲೋ ಕಣ್ಣಿಗೆ ಬಿತ್ತು. ಸರಿ, ಇನ್ನೇನು ಬೇಕು? ಹಿಂದಿನ ಯಜಮಾನ ಯಾವನೋ ಒರಟ, ಗಾಡಿಗೆ ಕೆಟ್ಟ ಚಾಳಿ ಕಲಿಸಿದ್ದಾನೆ. ಮನುಷ್ಯರನ್ನೇ ತಿದ್ದಿದವನಿಗೆ ಯಂತ್ರ ಯಾವ ಲೆಕ್ಕ! ದಿನಾ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಪಾಠ ಶುರುವಾಯಿತು. "ಹೂಂ ಮಗಾ... ನಿಧಾನ... ಜಾಣ... ಈಗ ಮೇಲಿನ ಗೇರಿಗೆ..." ಧಡಕ್! "ಥೂ, ನಿನ್ನ ಜನ್ಮಕ್ಕಿಷ್ಟು!"

ಎದುರು ಮನೆಯ ಅಜ್ಜಿ ನನ್ನ ಹೆಂಡತಿಯನ್ನು ಕೇಳಿದರಂತೆ: "ಅಲ್ಲಮ್ಮಾ, ನಿಮ್ಮೆಜಮಾನ್ರು ಕಾರೊಳಗೆ ಒಬ್ರೇ ಕೂತು ಯಾರನ್ನ ಬೈತಾರೆ?"

"ಕಾರನ್ನೇ ಅಜ್ಜಿ."

"ಅಯ್ಯೋ, ಸದ್ಯ. ಬೇರೆ ಏನೋ ಅಂದ್ಕೊಂಡೆ," ಎಂದು ಅಜ್ಜಿ ನಿಟ್ಟುಸಿರು ಬಿಟ್ಟರಂತೆ.

"ರೀ, ಒಂದೇ ಒಂದ್ಸಲ ನಾನು ಓಡ್ಸಿ ನೋಡ್ತೀನಿ, ಕೀ ಕೊಡಿ," ಎಂದು ಹೆಂಡತಿ ಕೇಳದ ದಿನವಿಲ್ಲ.

"ಛೆ ಛೆ! ಒದೆಯೋ ಕುದುರೆ ಮೇಲೆ ಹೊಸಬರನ್ನ ಕೂರಿಸ್ತಾರಾ? ಸರಿ ಹೋಗ್ಲಿ, ಆಮೇಲೆ ಕೊಡ್ತೀನಿ," ಎನ್ನುತ್ತಿದ್ದೆ ನಾನು.

ಹೀಗಿರುವಾಗ ಅವಳಿಗೊಂದು ಆರ್ಡರು ಬಂತು. ಊರಿನ ಆ ತುದಿಯ ದೊಡ್ಡ ಹೋಟೆಲು. ಅವರ ವಾರ್ಷಿಕೋತ್ಸವಕ್ಕೆ ಮೂರಂತಸ್ತಿನ ಕೇಕು! ಮ್ಯಾನೇಜರು ಫೋನಿನಲ್ಲಿ, "ಇದೊಂದು ಚೆನ್ನಾಗಿ ಬರ್ಲಿ ಮೇಡಂ, ಇನ್ಮೇಲೆ ನಮ್ಮ ಎಲ್ಲಾ ಪಾರ್ಟಿಗೂ ನಿಮ್ದೇ ಕೇಕು," ಎಂದಿದ್ದರಂತೆ. ಫೋನ್ ಇಟ್ಟವಳು ಸುಮ್ಮನೆ ಕುರ್ಚಿಯ ಮೇಲೆ ಕೂತುಬಿಟ್ಟಳು. "ಇದು ಕೈತಪ್ಪಿದ್ರೆ ನಾನು ಮತ್ತೆ ಅಕ್ಕಪಕ್ಕದ ಮನೆಗೇ ರೀ," ಎಂದಳು. ಅವಳ ಕಣ್ಣಿನಲ್ಲಿ ಅಷ್ಟು ಆಸೆ ನಾನು ನೋಡಿದ್ದೇ ಇಲ್ಲ.

ಕೇಕು ತಯಾರಾಯಿತು. ಕೆಳಗೆ ಚಾಕಲೇಟು, ಮಧ್ಯೆ ವೆನಿಲ್ಲಾ, ಮೇಲಿನದರ ಸುತ್ತ ಸಕ್ಕರೆಯ ಗುಲಾಬಿಗಳು. ಒಂದೊಂದು ದಳ ಅಂಟಿಸುವಾಗಲೂ ಅವಳು ಉಸಿರು ಬಿಗಿಹಿಡಿದಿದ್ದಳು, ನನಗೆ ಅಡುಗೆಮನೆಯಲ್ಲಿ ಸೀನುವುದಕ್ಕೂ ಅಪ್ಪಣೆ ಇರಲಿಲ್ಲ.

"ಟ್ಯಾಕ್ಸಿ ಕರೀತೀನಿ," ಎಂದಳು.

"ಏನು? ಮನೇಲಿ ಮೇಷ್ಟ್ರಿರುವಾಗ ಬಾಡಿಗೆ ಗಾಡಿನಾ? ನಾಳೆ ಊರಲ್ಲಿ ನಾನು ಮುಖ ಹೇಗೆ ತೋರಿಸ್ಲಿ?"

"ಮುಖ ಆಮೇಲೆ ತೋರಿಸೋರಂತೆ. ಗಾಡಿ ಒದೆಯುತ್ತಲ್ಲ?"

"ನನ್ನ ಪಾಠ ನಾಟಿದೆ ಕಣೇ. ನೆನ್ನೆಯಿಂದ ಎಷ್ಟೋ ವಾಸಿ," ಎಂದೆ. ಶುದ್ಧ ಸುಳ್ಳು! ಆದರೆ ಮಾನದ ಪ್ರಶ್ನೆ ಬಂದಾಗ ಮನುಷ್ಯ ಏನು ತಾನೆ ಮಾಡಿಯಾನು?

ಕೇಕನ್ನು ಹಿಂದಿನ ಸೀಟಿನ ಮೇಲಿಟ್ಟು, ಅವಳು ಅದರ ಪಕ್ಕದಲ್ಲಿ ಕೂತು ಎರಡೂ ಕೈಯಿಂದ ತಬ್ಬಿ ಹಿಡಿದಳು. ಹೊರಟೆವು. ಬೀದಿ ದಾಟಿದೆವು. ವೇಗ ಏರಿತು. ಧಡಕ್!

"ಅಯ್ಯೋ, ಗುಲಾಬಿ!"

"ಏನಾಯ್ತೇ?"

"ಎರಡು ಉದುರ್ತು ರೀ! ನಿಧಾನ!"

ನಿಧಾನ ಹೋದರೆ ಹಿಂದಿನವರ ಹಾರ್ನು. ಸ್ವಲ್ಪ ಜೋರು ಮಾಡಿದರೆ ಧಡಕ್! ಮೇಲಿನ ಅಂತಸ್ತು ಯಾರೋ ಕರೆದ ಹಾಗೆ ಮುಂದಕ್ಕೆ ವಾಲಿತು. ಅವಳು ಗಲ್ಲ ಕೊಟ್ಟು ತಡೆದಳು. ಕನ್ನಡಿಯಲ್ಲಿ ನೋಡಿದೆ. ಅರ್ಧ ಮುಖ ಹೆಂಡತಿ, ಅರ್ಧ ಮುಖ ಕ್ರೀಮು! ಮೂರನೆಯ ಒದೆತಕ್ಕೆ, ರಿಪೇರಿಗೆಂದು ಅವಳು ತಂದಿದ್ದ ಕ್ರೀಮಿನ ಡಬ್ಬಿ ಹಾರಿ ನನ್ನ ಪಕ್ಕದ ಸೀಟಿನ ಕೆಳಗೆ ಬಿತ್ತು. ಒಂದು ಕೈಯಲ್ಲಿ ಕೇಕು ಹಿಡಿದೇ ಅವಳು ಎರಡು ಸೀಟಿನ ನಡುವೆ ತಲೆ ತೂರಿಸಿ ಡಬ್ಬಿಗೆ ಕೈ ಚಾಚಿದಳು.

ಚಾಚಿದ ಕೈ ಅಲ್ಲೇ ನಿಂತಿತು. ತಲೆಯೂ ಮೇಲೇಳಲಿಲ್ಲ.

"ಸಿಕ್ತಾ ಡಬ್ಬಿ?" ಎಂದೆ.

"ಸಿಗುತ್ತೆ. ಸ್ವಲ್ಪ ಸ್ಪೀಡ್ ತಗೊಳ್ಳಿ," ಎಂದಳು. ಸ್ವರ ಯಾಕೋ ತೀರಾ ಮೆತ್ತಗಿತ್ತು.

ತೆಗೆದುಕೊಂಡೆ. ಧಡಕ್!

"ಗಾಡಿ ನಿಲ್ಸಿ."

ನಿಲ್ಲಿಸಿದೆ.

"ನಿಮ್ಮ ಎಡಗಾಲು ಏನ್ ಮಾಡ್ತಿದೆ?"

"ಏನ್ ಮಾಡುತ್ತೆ? ಸದ್ದು ಏರಿದಾಗ ಕ್ಲಚ್ ಒತ್..."

"ಯಾವ ಕ್ಲಚ್ಚು?"

ನಾನು ಬಗ್ಗಿ ನೋಡಿದೆ. ಎರಡೇ ಪೆಡಲು! ಒಂದು ಆಕ್ಸಿಲರೇಟರು, ಇನ್ನೊಂದು ಬ್ರೇಕು. ಬ್ರೇಕಿನ ಅಗಲವಾದ ಪೆಡಲಿನ ಮೇಲೆ ನನ್ನ ಎಡಗಾಲಿನ ಬೂಟು ಏನೂ ಅರಿಯದ ಹಸುಗೂಸಿನ ಹಾಗೆ ಕೂತಿತ್ತು. ಇಪ್ಪತ್ತು ವರ್ಷದ ಅಭ್ಯಾಸ! ಎಂಜಿನ್ನು ಗೇರ್ ಬೇಡುವ ಸದ್ದು ಕೇಳಿದೊಡನೆ ನನ್ನನ್ನು ಒಂದು ಮಾತೂ ಕೇಳದೆ ನನ್ನ ಕಾಲು ಹೋಗಿ, ಇಲ್ಲದ ಕ್ಲಚ್ಚನ್ನು ಹುಡುಕಿ, ಸಿಕ್ಕ ಬ್ರೇಕನ್ನು ಗುದ್ದಿ ಬರುತ್ತಿತ್ತು. ಗಾಡಿ ಒಂದು ದಿನವೂ ಒದೆದಿರಲಿಲ್ಲ ಸ್ವಾಮಿ. ಒದೆಯುತ್ತಿದ್ದವನು ನಾನು!

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಲ್ಲ ಕಣೇ... ಪೆಡಲ್ ಇಟ್ಟಿರೋ ಜಾಗಾನೇ ಸರಿ ಇಲ್ಲ ಅನ್ಸುತ್ತೆ," ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಎಂದಳು. ಹೇಳಿದವಳು ನಗಲಿಲ್ಲ. ಕೇಕಿನ ಕಡೆ ತಿರುಗಿದಳು, ಕಣ್ಣು ತುಂಬಿತು. "ನಿಮಗೆ ಇದು ಮಾನದ ಆಟ ರೀ. ನನಗೆ ಇದು ಹೊಟ್ಟೆಪಾಡು, ಆಸೆ, ಎಲ್ಲಾ. ಎಷ್ಟು ಸಲ ಕೀ ಕೇಳ್ದೆ ನಿಮ್ಮನ್ನ?"

ನನಗೆ ನಿಜವಾಗಿ ನಾಚಿಕೆಯಾಯಿತು. ಬೈದಿದ್ದರೆ ಬೈಗುಳಕ್ಕೆ ಬೈಗುಳ ಸೇರಿಸಿ ಪಾರಾಗುತ್ತಿದ್ದೆ, ಅತ್ತರೆ ಏನು ಮಾಡುವುದು? ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟೆ. ಅವಳು ಅದರಲ್ಲಿ ಕಣ್ಣು ಒರೆಸದೆ ಕೇಕಿನ ತಟ್ಟೆಯ ಅಂಚು ಒರೆಸಿದಳು.

ಅಷ್ಟೇ, ಅಳು ಮುಗಿಯಿತು. ಡಬ್ಬಿ ತೆರೆದು, ವಾಲಿದ ಅಂತಸ್ತನ್ನು ಅಂಗೈಯಿಂದ ನೆಟ್ಟಗೆ ಕೂರಿಸಿ, ಬಿರುಕಿಗೆ ಕ್ರೀಮು ತುಂಬಿ, ಗುಲಾಬಿ ಉದುರಿದ ಕಡೆ ಸಾಲಾಗಿ ಎಲೆ ಬಿಡಿಸಿದಳು. ರಸ್ತೆ ಬದಿಯಲ್ಲಿ, ಹೋಗುವವರು ಬರುವವರು ಬಗ್ಗಿ ನೋಡುತ್ತಿರುವಾಗ, ಅವಳು ತಲೆಯೆತ್ತಿ ಕೂಡ ನೋಡಲಿಲ್ಲ. ನಾನು ಪಕ್ಕದಲ್ಲಿ ಡಬ್ಬಿಯ ಮುಚ್ಚಳ ಹಿಡಿದು ನಿಂತಿದ್ದೆ. ನನಗೆ ಒಪ್ಪಿಸಬಹುದಾದ ಕೆಲಸ ಅದೊಂದೇ ಎಂದು ಅವಳಿಗೆ ಗೊತ್ತಾಗಿತ್ತು.

"ಕೀ," ಎಂದು ಕೈ ಚಾಚಿದಳು.

ಕೊಟ್ಟೆ.

"ಹಿಂದೆ ಕೂತ್ಕೊಳ್ಳಿ. ಕೇಕ್ ಹಿಡ್ಕೊಳ್ಳಿ. ಆ ಎಡಗಾಲು ಮಡಚಿ ಸೀಟಿನ ಮೇಲಿಡಿ. ಅದು ನೆಲಕ್ಕೆ ತಾಗ್ಬಾರ್ದು!"

ಕೂತೆ. ಅವಳು ಹೊರಟಳು. ವೇಗ ಏರಿತು, ಸದ್ದು ಬಿಗಿಯಾಯಿತು, ನಾನು ಕಣ್ಣು ಮುಚ್ಚಿ ಕೇಕನ್ನು ತಬ್ಬಿಕೊಂಡೆ. ಏನೂ ಆಗಲಿಲ್ಲ! ಗೇರು ಯಾವಾಗ ಬದಲಾಯಿತೆಂದೇ ತಿಳಿಯಲಿಲ್ಲ. ಒಂದು ಗುಲಾಬಿಯ ದಳವೂ ಅಲುಗಲಿಲ್ಲ. ಆದರೇನು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ತಿರುವು ಬಂದಾಗ ನನ್ನ ಬಾಯಿ ತಾನೇ ತೆರೆಯಿತು: "ಇಂಡಿಕೇಟರ್ ಹಾ..."

"ಹಾಕಾಯ್ತು. ಬಾಯಿ ಮುಚ್ಚಿ ಕೂತ್ಕೊಳ್ಳಿ."

ಕೂತೆ.

ಹೋಟೆಲಿನ ಹಿಂಬಾಗಿಲಲ್ಲಿ ಮ್ಯಾನೇಜರು ಗಡಿಯಾರ ನೋಡಿಕೊಂಡು ಶತಪಥ ಹಾಕುತ್ತಿದ್ದರು. ಕೇಕು ಮೇಜಿನ ಮೇಲೆ ಕೂತಿತು. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಎಲೆ ಬಿಡಿಸಿದ ಕಡೆ ನಿಂತರು. ಹೆಂಡತಿ ಕೈ ಕೈ ಹಿಸುಕಿಕೊಂಡಳು.

"ಈ ಎಲೆ ಇದೆಯಲ್ಲ ಮೇಡಂ, ಬಹಳ ಚೆನ್ನಾಗಿದೆ," ಎಂದರು. "ಮುಂದಿನ ತಿಂಗಳ ಪಾರ್ಟಿಗೂ ಹೀಗೇ ಮಾಡ್ಕೊಡಿ. ಆಮೇಲಿನದ್ದೆಲ್ಲ ಕೂತು ಮಾತಾಡೋಣ."

ಅವಳ ಮುಖ ಅರಳಿತು.

"ಆದ್ರೆ ಯಾಕೆ ಮೇಡಂ ಇಷ್ಟು ತಡ? ನನಗೆ ಜೀವ ಬಾಯಿಗೆ ಬಂದಿತ್ತು. ದಾರೀಲಿ ಗಾಡಿ ಕೈ ಕೊಡ್ತಾ?"

"ಹೌದು ಸರ್. ಗೇರ್ ಬದಲಾಗುವಾಗ ಭಾರೀ ತೊಂದ್ರೆ ಕೊಡ್ತಿತ್ತು."

"ಅಯ್ಯೋ ರಾಮ! ದೊಡ್ಡ ರಿಪೇರಿ ಅದು. ಮತ್ತೆ ಹೇಗೆ ಸರಿ ಮಾಡಿದ್ರಿ?"

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಎದೆಯ ತುಂಬ ಕ್ರೀಮು ಮೆತ್ತಿಕೊಂಡು, ಮಡಚಿ ಕೂತು ಜೋಮು ಹಿಡಿದ ಎಡಗಾಲನ್ನು ಎಳೆದುಕೊಂಡು ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮುಂದಿನ ಸೀಟಿಂದ ಬಿಚ್ಚಿ ಹಿಂದಿನ ಸೀಟಿಗೆ ಹಾಕ್ದೆ ಸರ್," ಎಂದಳು. "ಆಮೇಲೆ ಒಂದ್ಸಲವೂ ಒದೀಲಿಲ್ಲ."