ಅತ್ತೆಗೊಂದು ಹಿಡಿ ಹಿಮ

ಹಿಮ ಅಳೆಯುವ ಕೆಲಸ ಹಿಡಿದು, ಹಿಮವೇ ಬೀಳದ ಊರಿನಲ್ಲಿ ಮನೆ ಮಾಡಿದವರ ಬಾಳಿನಲ್ಲಿ ನಗೆಪಾಟಲಿಗೆ ಬರಗಾಲವಿಲ್ಲ. ನಾನು ಮೈಸೂರಿನವಳು. ಮನೆ ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ, ಆಫೀಸು ಪಾಲೋ ಆಲ್ಟೋದಲ್ಲಿ. ಉಪಗ್ರಹ ತೆಗೆದ ಚಿತ್ರಗಳನ್ನು ನೋಡಿ ಯಾವ ಬೆಟ್ಟದ ಮೇಲೆ ಎಷ್ಟು ಹಿಮ ಕೂತಿದೆ ಎಂದು ಮ್ಯಾಪು ಮಾಡುವುದು ನನ್ನ ಹೊಟ್ಟೆಪಾಡು. ಎಡವಟ್ಟುಗಳು ಮೊದಲಿನಿಂದಲೂ ಆಗುತ್ತಲೇ ಇದ್ದವು. ಹೋದ ಚಳಿಗಾಲ ಧಾರವಾಡದಿಂದ ಅತ್ತೆ ಬಂದ ಮೇಲೆ ಅವಕ್ಕೊಬ್ಬರು ಸಾಕ್ಷಿಯೂ ಸಿಕ್ಕಿದರು.

೧. ಭದ್ರವಾದ ನೌಕರಿ

ಬಂದ ಮೂರನೆಯ ದಿನ ಅತ್ತೆ ನನ್ನ ಕೆಲಸದ ವಿಚಾರಣೆ ಶುರು ಮಾಡಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು, ಸುಮ್ಮನೆ ಬಿಡುವ ಪೈಕಿ ಅಲ್ಲ. ದೂರದ ಸಿಯೆರಾ ಬೆಟ್ಟಗಳ ಮೇಲೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಬೇಸಿಗೆಯಲ್ಲಿ ಅದೇ ಕರಗಿ ಕೆಳಗಿನ ಊರುಗಳ ನಲ್ಲಿಗೆ ಬರುತ್ತದೆ, ಎಷ್ಟು ನೀರು ಬಂದೀತು ಎಂದು ಮೊದಲೇ ತಿಳಿಯಲು ನಾವು ಹಿಮ ಅಳೆಯುತ್ತೇವೆ ಎಂದು ವಿವರಿಸಿದೆ.

ಅಳೆದ ಮೇಲೆ ಅದು ಕರಗಿ ಹೋಗುತ್ತದಲ್ಲ ಎಂದು ಕೇಳಿದರು. ಹೌದು, ಅದಕ್ಕೇ ಮತ್ತೆ ಅಳೆಯುತ್ತೇವೆ ಎಂದೆ. ಮತ್ತೆ ಬೀಳುತ್ತದಲ್ಲ ಎಂದರು. ಆಗಲೂ ಅಳೆಯುತ್ತೇವೆ ಎಂದೆ.

ಅತ್ತೆ ನೆಮ್ಮದಿಯಿಂದ ಚಹಾ ಲೋಟ ಕೆಳಗಿಟ್ಟರು. "ಎಲ್ಲಾರೂ ಲೇಆಫ್ ಲೇಆಫ್ ಅಂತ ಹೆದರ್ತಾರ. ನಿನಗ ಆ ಚಿಂತಿ ಇಲ್ಲ ಬಿಡವಾ. ಮುಗಿಯೋ ಕೆಲಸಾನ ಅಲ್ಲ ಇದು."

೨. ಇಪ್ಪತ್ತು ವರ್ಷದ ಸುಳ್ಳು

ಅದೇ ದಿನ ಅವರು ತಮ್ಮ ಗುಟ್ಟನ್ನೂ ಹೇಳಿದರು. ಒಮ್ಮೆ ಕರಿಹಲಗೆಯ ಮೇಲೆ ಹಿಮಾಲಯ ಬರೆದು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಅಕ್ಕೋರ, ನೀವು ಬರ್ಫ ಮುಟ್ಟೀರೇನ್ರೀ?" ಎಂದು ಕೇಳಿದ್ದಳಂತೆ. ಅತ್ತೆ ಅಲ್ಲಿಯವರೆಗೆ ಬರ್ಫ ನೋಡಿದ್ದು ಕಬ್ಬಿನಹಾಲಿನ ಅಂಗಡಿಯಲ್ಲಿ ಮಾತ್ರ. ಆದರೆ ಇಡೀ ಕ್ಲಾಸು ಕಣ್ಣರಳಿಸಿ ಕೂತಿತ್ತು. ಹೂಂ, ಮುಟ್ಟೇನಿ ಎಂದುಬಿಟ್ಟರು.

ಮಾತು ಶಾಲೆಯೆಲ್ಲ ಹಬ್ಬಿತು. ಮುಂದಿನ ವರ್ಷದ ಮಕ್ಕಳು ತಾವಾಗಿಯೇ ಹಿಮದ ಕತೆ ಹೇಳಿ ಎಂದು ಗಂಟುಬಿದ್ದರು. ಕತೆಗೆ ಮೊದಲು ಶಿಮ್ಲಾ ಬಂತು, ಆಮೇಲೆ ಕುದುರೆ ಬಂತು, ಕೊನೆಗೆ ಅತ್ತೆ ಕುದುರೆಯಿಂದ ಹಿಮದ ಮೇಲೆ ಬಿದ್ದೂ ಬಿದ್ದರು.

"ಸುಳ್ಳು ಹೇಳಿದ್ದು ಒಂದಽ," ಎಂದರು. "ಆದರ ಇಪ್ಪತ್ತು ವರ್ಷ ಹೇಳೀನಿ. ಸಾಯೂದ್ರಾಗ ಒಂದ್ ಹಿಡಿ ಬರ್ಫ ಮುಟ್ಟಿ ಅದನ್ನ ಖರೇ ಮಾಡಬೇಕು ನೋಡು. ಕುದುರಿ ಇಲ್ಲದಿದ್ರೂ ನಡೀತದ."

ನನಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಪಾಪ ಅನ್ನಿಸಿತು. ಹಿಮದ ಮ್ಯಾಪು ಮಾಡುವ ಸೊಸೆ ಇರುವಾಗ ಇದೇನು ದೊಡ್ಡ ಮಾತು ಎಂದು ಮಾತು ಕೊಟ್ಟೆ. ಬಡಾಯಿಗೆ ಟ್ಯಾಕ್ಸಿಲ್ಲ ನೋಡಿ.

೩. ಹಿಮ ಜಾಸ್ತಿಯಾಯಿತು

ಮುಂದಿನ ಶನಿವಾರ ಮ್ಯಾಪು ನೋಡಿ, ಎಲ್ಲಿ ಅತಿ ಹೆಚ್ಚು ಹಿಮ ಇದೆಯೋ ಆ ಜಾಗವನ್ನೇ ಆರಿಸಿದೆ. ಅವಲಕ್ಕಿ, ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ನಸುಕಿನಲ್ಲೇ ಹೊರಟೆವು. ಅತ್ತೆ ಎರಡು ಸ್ವೆಟರು, ಮಾವನವರ ಮಫ್ಲರು, ನನ್ನ ಗಂಡನ ಕಾಲುಚೀಲ ಎಲ್ಲ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಅಲ್ಲಾಡದೆ ಕೂತಿದ್ದರು. ಮೂರು ತಾಸು ಹೋದ ಮೇಲೆ, ಬೆಟ್ಟದ ಬುಡದಲ್ಲಿ ಕಾರುಗಳೆಲ್ಲ ಸಾಲುಗಟ್ಟಿ ನಿಂತವು. ಮೇಲೆ ವಿಪರೀತ ಹಿಮ ಬಿದ್ದು ರಸ್ತೆ ಮುಚ್ಚಿದ್ದಾರೆ ಎಂದು ತಿಳಿಯಿತು. ಅತಿ ಹೆಚ್ಚು ಹಿಮ ಇರುವ ಕಡೆ ರಸ್ತೆ ಇರುವುದಿಲ್ಲ ಎಂಬುದನ್ನು ನನ್ನ ಮ್ಯಾಪು ತೋರಿಸುವುದಿಲ್ಲ.

ಒಂದು ಪೆಟ್ರೋಲ್ ಬಂಕಿನ ಪಕ್ಕ ಮಳೆಯಲ್ಲಿ ಕಾರು ನಿಲ್ಲಿಸಿ ಅವಲಕ್ಕಿ ತಿಂದು ವಾಪಸಾದೆವು. ಗಂಡ ಜಾಣತನದಿಂದ ರಸ್ತೆಯ ಮೇಲಷ್ಟೇ ಕಣ್ಣಿಟ್ಟು ಕಾರು ಓಡಿಸಿದರು. ಅತ್ತೆ ಮಾತ್ರ ಮಫ್ಲರು ಬಿಚ್ಚುತ್ತಾ, ಬರ್ಫ ಕಡಿಮೆ ಇರೋ ಜಾಗಾ ನಿನ್ನ ನಕಾಶೆದಾಗ ಇಲ್ಲೇನವಾ ಎಂದು ಕೇಳಿದರು.

೪. ಉಪಕರಣ

ನೀನಾದರೂ ಹಿಮ ಮುಟ್ಟಿದ್ದೀಯೋ ಇಲ್ಲವೋ ಎಂಬ ಅನುಮಾನ ಅತ್ತೆಗೆ ಬಂತು. ಆಗ ನನ್ನ ಮೊದಲ ಹಿಮಯಾತ್ರೆಯ ಕತೆ ಹೇಳಬೇಕಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಉದ್ದನೆಯ ಪೊಳ್ಳು ಕೊಳವೆಯನ್ನು ಹಿಮಕ್ಕೆ ಚುಚ್ಚಿ ಆಳ ನೋಡುವುದು, ಆಮೇಲೆ ಒಳಗೆ ಸಿಕ್ಕ ಹಿಮವನ್ನು ಕೊಳವೆಯ ಸಮೇತ ತೂಗುವುದು, ಇಷ್ಟೇ ಕೆಲಸ. ಹಿಮದಲ್ಲಿ ನಡೆಯುವ ಅಗಲವಾದ ಮೆಟ್ಟು ಕಾಲಿಗೆ ಕಟ್ಟಿಕೊಂಡೇ ಇರು, ಬಿಚ್ಚಬೇಡ ಎಂದು ಅವರು ಎರಡು ಸಲ ಹೇಳಿದ್ದರು. ಒಂದು ಫೋಟೋಗಾಗಿ ನಾನು ಬಿಚ್ಚಿದೆ. ಒಂದೇ ಹೆಜ್ಜೆಗೆ ಸೊಂಟದವರೆಗೆ ಹೂತುಹೋದೆ.

ಅವರು ಗಾಬರಿಯಾಗಲಿಲ್ಲ, ನಗಲೂ ಇಲ್ಲ. ನನ್ನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೋಡಿ, ಪುಸ್ತಕ ತೆಗೆದು ಬರೆದುಕೊಂಡು, ಆಮೇಲೆ ಕೈ ಕೊಟ್ಟು ಎಳೆದರು. ಆವತ್ತಿನ ದಾಖಲೆಯಲ್ಲಿ ಆಳ ಮೂರಡಿ ಎಂದಿದೆ. ಯಾವ ಉಪಕರಣದಿಂದ ಅಳೆದದ್ದು ಎಂಬ ಕಡೆ ನನ್ನ ಹೆಸರಿದೆ.

೫. ಊರ ತುಂಬ ಮೋಡ

ಮೇಲಿನಿಂದ ನೋಡಿದರೆ ಮೋಡವೂ ಬೆಳ್ಳಗೆ, ಹಿಮವೂ ಬೆಳ್ಳಗೆ. ಎರಡನ್ನೂ ಬೇರೆ ಮಾಡುವುದೇ ನಮ್ಮ ಕಸುಬಿನ ದೊಡ್ಡ ತಲೆನೋವು. ಅತ್ತೆ ಬಂದಿದ್ದ ಆ ಚಳಿಗಾಲ ನಾನೊಂದು ಹೊಸ ಪ್ರೋಗ್ರಾಮು ಬರೆದಿದ್ದೆ. ಒಂದು ಬೆಳಿಗ್ಗೆ ನೋಡಿದರೆ, ಆಫೀಸಿನಿಂದ ಸ್ವಲ್ಪವೇ ದೂರದಲ್ಲಿ, ಕೊಲ್ಲಿಯ ದಂಡೆಯಲ್ಲಿ ಭರ್ಜರಿ ಹಿಮ ಬಿದ್ದಿದೆ ಎಂದು ಮ್ಯಾಪು ತೋರಿಸುತ್ತಿತ್ತು. ಅಲ್ಲಿರುವುದು ಉಪ್ಪಿನ ಆಗರ. ಉಪ್ಪಿನ ರಾಶಿಯನ್ನೇ ಪ್ರೋಗ್ರಾಮು ಹಿಮ ಎಂದುಕೊಂಡಿತ್ತು. ನಮ್ಮ ಬಾಸು ಏನೂ ಬೈಯಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಮೇಜಿನ ಮೇಲೆ ಉಪ್ಪಿನ ಡಬ್ಬಿ ತಂದಿಟ್ಟು, ಇದರ ಆಳವನ್ನೂ ನೋಡಿಬಿಡು ಎಂದರು.

ನನಗೆ ರೋಷ ಬಂತು. ಕೊಲ್ಲಿಯ ಸುತ್ತಲಿನ ನಮ್ಮ ಊರುಗಳಲ್ಲಿ, ಅಂದರೆ ಬೇ ಏರಿಯಾದಲ್ಲಿ, ಬೆಳ್ಳಗೆ ಏನೇ ಕಂಡರೂ ಅದನ್ನು ಮೋಡ ಎಂದೇ ತಿಳಿಯತಕ್ಕದ್ದು ಎಂದು ಪ್ರೋಗ್ರಾಮಿಗೆ ಕಟ್ಟಪ್ಪಣೆ ಮಾಡಿದೆ. ಇಲ್ಲಿ ಹಿಮ ಎಲ್ಲಿಂದ ಬಂದೀತು?

೬. ಸರಿಯದ ಮೋಡ

ಅತ್ತೆ ಬುಧವಾರದ ವಿಮಾನಕ್ಕೆ ಹೊರಡುವವರಿದ್ದರು. ಅಷ್ಟರಲ್ಲಿ ಇನ್ನೊಂದು ಶನಿವಾರ ಅವರಿಗೆ ಜ್ವರ ಬಂದು, ಮತ್ತೊಂದು ಶನಿವಾರ ನಮ್ಮ ಕಾರಿಗೆ ಜ್ವರ ಬಂದು, ಹಿಮ ನೋಡುವುದು ನಿಂತೇಹೋಗಿತ್ತು. ಭಾನುವಾರ ಬೇ ಏರಿಯಾದಲ್ಲೇ, ಡ್ಯಾನ್‌ವಿಲ್‌ನಲ್ಲಿರುವ ತಮ್ಮ ಅಣ್ಣನ ಮಗನ ಮನೆಗೆ ಹೇಳಿ, ಒಂದು ರಾತ್ರಿ ಇದ್ದು ಬರಲು ಹೋದರು. ಹೋಗುವಾಗ, ಇರಲಿ ಬಿಡವಾ, ನನ್ನ ಕ್ಲಾಸಿನ ಮಕ್ಕಳಿಗೇನು ಗೊತ್ತಾಗ್ತದ ಎಂದರು. ನನ್ನನ್ನು ಸಮಾಧಾನ ಮಾಡಲಿಕ್ಕೆಂದೇ ಹಾಗೆ ಹೇಳಿದ್ದು ಅಂತ ಗೊತ್ತಾಗಿ ನನಗೆ ಇನ್ನೂ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಮೈ ಕೊರೆಯುವ ಚಳಿ. ನಾನು ಮೀಟಿಂಗಿನಲ್ಲಿದ್ದಾಗ ಅತ್ತೆಯ ಫೋನು ಬಂತು. ಅಣ್ಣನ ಮಗನ ಮನೆ ಹಿಂದಿನ ಡಯಾಬ್ಲೊ ಬೆಟ್ಟದ ನೆತ್ತಿ ಬೆಳ್ಳಗಾಗಿದೆ, ಅದು ಬರ್ಫ ಇರಬಹುದೇನು ಎಂದು ಕೇಳಿದರು. ಎದುರಿಗೇ ಮ್ಯಾಪು ತೆರೆದಿತ್ತು. ನೋಡಿದೆ. ಬೆಟ್ಟದ ಮೇಲೆ ಅಚ್ಚುಕಟ್ಟಾಗಿ ಮೋಡ ಎಂದಿತ್ತು.

"ಅದು ಮೋಡ, ಅತ್ತೆ," ಎಂದೆ.

"ಮೋಡ ಸರೀತದವಾ. ಇದು ಮುಂಜಾನಿಂದ ಇದ್ದಲ್ಲೇ ಕೂತದ."

"ಇಲ್ಲ ಅತ್ತೆ, ನಮ್ಮ ಮ್ಯಾಪಲ್ಲೂ ಮೋಡ ಅಂತಲೇ ಇದೆ."

ಆಗಲಿ ಎಂದು ಫೋನಿಟ್ಟರು. ಸೊಸೆಗೆ ಸಮಾಧಾನವಾಗಲಿ ಎಂದು ಒಪ್ಪಿಕೊಂಡರು ಅಂದುಕೊಂಡೆ. ಅವರು ಫೋನಿಟ್ಟದ್ದು ಮಫ್ಲರು ಹುಡುಕಲಿಕ್ಕೆ.

ಸಂಜೆ ನಾನು ಮನೆಗೆ ಬಂದಾಗ ಅವರನ್ನು ಅಣ್ಣನ ಮಗ ತಂದುಬಿಟ್ಟು ಹೋಗಿ ಆಗಿತ್ತು. ಅತ್ತೆ ಅಡುಗೆಮನೆಯಲ್ಲಿ ಕೂತಿದ್ದರು. ಮೂಗು ಕೆಂಪಗಿತ್ತು, ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ ಇತ್ತು. ಮೇಜಿನ ಮೇಲೆ ಅಣ್ಣನ ಮೊಮ್ಮಗಳ ಸ್ಕೂಲಿನ ಸ್ಕೇಲು. ರಸ್ತೆ ತೆರೆದ ಮೇಲೆ ಕಾರಿನಲ್ಲಿ ಬೆಟ್ಟದ ತುದಿಗೇ ಹೋಗಿದ್ದರಂತೆ. ಕೈಗವಸು ತೆಗೆದು ಎರಡೂ ಕೈಯಿಂದ ಮುಟ್ಟಿದರಂತೆ. ಜಾರಿ ಒಮ್ಮೆ ಬಿದ್ದರಂತೆ, ಅಲ್ಲಿಗೆ ಕತೆಯಲ್ಲಿ ಬಿದ್ದದ್ದೂ ಖರೇ ಆಯಿತು. ಆಮೇಲೆ ನಾಲ್ಕು ಕಡೆ ಸ್ಕೇಲು ಚುಚ್ಚಿ ಆಳ ಅಳೆದು, ಪರ್ಸಿನಲ್ಲಿದ್ದ ಧಾರವಾಡದ ಹಳೆಯ ಬಸ್ ಟಿಕೆಟಿನ ಹಿಂದೆ ಬರೆದುಕೊಂಡು ಬಂದಿದ್ದರು.

 ನನ್ನ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಪ್ರೋಗ್ರಾಮಿಗೆ ನಾನು ಮಾಡಿದ್ದ ಕಟ್ಟಪ್ಪಣೆ ನೆನಪಾಗಿ, ನಾಳೆ ಬಾಸಿಗೆ ಏನು ಹೇಳಲಿ ಎಂಬ ಹೆದರಿಕೆಯೂ ಬಂತು. ಅತ್ತೆ ಎದ್ದು ಫ್ರೀಜರ್ ತೆರೆದರು. ಧಾರವಾಡದಿಂದ ಚಕ್ಕುಲಿ ತುಂಬಿಕೊಂಡು ಬಂದಿದ್ದ ಸ್ಟೀಲ್ ಡಬ್ಬಿಯನ್ನು ಹೊರತೆಗೆದು, ಮುಚ್ಚಳ ಬಿಚ್ಚಿ, ಅಂಚಿನವರೆಗೆ ಒತ್ತಿ ತುಂಬಿದ್ದ ಹಿಮವನ್ನು ನನ್ನ ಕೈಗೆ ಕೊಟ್ಟರು.

"ತಗೋವಾ, ನಿನ್ನ ಮೋಡ. ಕರಗೂದ್ರಾಗ ಅಳ್ಕೋ."