ನಮ್ಮಣ್ಣನ ಕಪ್ಪು ದೀಪ

ನಮ್ಮಣ್ಣನ ಮನೆಗೆ ಮಟಮಟ ಮಧ್ಯಾಹ್ನ ಹೋಗುವವರು ಕೈಯಲ್ಲೊಂದು ಟಾರ್ಚು ಹಿಡಿದು ಹೋಗುವುದು ಕ್ಷೇಮ! ಹೊರಗೆ ಮುಳಬಾಗಿಲಿನ ಬಿಸಿಲಿಗೆ ರಸ್ತೆಯ ಡಾಂಬರು ಕರಗುತ್ತಿರುತ್ತದೆ. ಅವನ ಹಾಲಿನಲ್ಲಿ ಮಾತ್ರ ಅಮಾವಾಸ್ಯೆ. ಕರೆಂಟು ಹೋಗಿದೆಯೇ? ಇಲ್ಲ. ಕಿಟಕಿಗಳಿಲ್ಲವೇ? ಐದಿವೆ! ಇಟ್ಟವನು ನಾನೇ. ಗಾರೆ ಕೆಲಸದವನು ನಾನು. ಆ ಮನೆಯ ಪಾಯದಿಂದ ತಾರಸಿಯವರೆಗೆ ಒಂದೊಂದು ಇಟ್ಟಿಗೆಯೂ ನನ್ನ ಕೈ ದಾಟಿ ಹೋದದ್ದು. ಅಂಥ ಐದು ಕಿಟಕಿಗೂ ಅಣ್ಣ ಕಪ್ಪು ಟಾರ್ಪಾಲು ಬಡಿದಿದ್ದಾನೆ. ಕಳೆದ ವರ್ಷ ರಿಟೈರಾದ ಮೇಲೆ ಹತ್ತಿದ ಹುಚ್ಚು.

"ಬ್ಲ್ಯಾಕ್‌ಲೈಟ್ ಕಣೋ," ಎಂದು ಮೊದಲ ದಿನ ಒಂದು ಟ್ಯೂಬು ತೋರಿಸಿದ.

"ಲೈಟು ಕಪ್ಪಗಿದ್ರೆ ಅದ್ ಹೆಂಗಣ್ಣ ಲೈಟಾಯ್ತು?"

"ಕಣ್ಣಿಗೆ ಕಾಣ್ದಿರೋ ಬೆಳಕು. ಅದು ಬಿದ್ರೆ ಕೆಲವು ವಸ್ತು ತಾವೇ ಹೊಳೀತವೆ. ಅದನ್ನ ಫೋಟೋ ತೆಗೆಯೋದು. ನಿನ್ ಏಳನೇ ಕ್ಲಾಸಿಗೆ ಇದೆಲ್ಲ ಅರ್ಥ ಆಗಲ್ಲ ಬಿಡು."

ಏಳನೇ ಕ್ಲಾಸು! ನಾನೇನು ಓದು ಬೇಡವೆಂದು ಓಡಿ ಬಂದವನೇ? "ಒಬ್ಬ ಓದ್ಲಿ, ಒಬ್ಬ ನನ್ ಜೊತೆ ಕರಣೆ ಹಿಡೀಲಿ," ಎಂದು ಅಪ್ಪ ಹೇಳಿದ. ಅಣ್ಣ ಕಾಲೇಜಿಗೆ ಹೋದ, ಆಮೇಲೆ ಕೋಲಾರದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತ. ನಾನು ಗೋಡೆ ಹತ್ತಿದೆ.

ಹೋಗಲಿ. ಗೃಹಪ್ರವೇಶದ ದಿನ ಗಾರೆಯವನನ್ನು ಮಣೆಯ ಮೇಲೆ ಕೂರಿಸಿ ಪಂಚೆ, ತಾಂಬೂಲ ಕೊಡುವುದು ನಮ್ಮ ಕಡೆಯ ಪದ್ಧತಿ. ಅಣ್ಣ ಪ್ಲಾನು ಬರೆದ ಇಂಜಿನಿಯರಿಗೆ ಶಾಲು ಹೊದಿಸಿ, ಆ ಫೋಟೋವನ್ನು ಹಾಲಿನಲ್ಲಿ ತೂಗುಹಾಕಿದ. ನನಗೆ ಹೇಳಿದ್ದೇನು ಗೊತ್ತೇ? "ನೀನು ಮನೆಯವ್ನೇ ಅಲ್ವೇನೋ, ನಿನ್ಗ್ಯಾಕೆ ಅದೆಲ್ಲ? ಹೋಗಿ ಪಲ್ಯ ಬಡ್ಸು!"

ಬಡಿಸಿದೆ. ಇವತ್ತಿಗೂ ಆ ಪಲ್ಯದ ಉಪ್ಪು ನನ್ನ ನಾಲಿಗೆ ಬಿಟ್ಟಿಲ್ಲ.

ಕಪ್ಪು ದೀಪಕ್ಕೆ ಮೊದಲು ಸಿಕ್ಕವರು ಅತ್ತಿಗೆ. ಶುಕ್ರವಾರ ಅರಿಶಿನ ಹಚ್ಚಿ ಸ್ನಾನ ಮಾಡಿ ಬಂದವರನ್ನು ನಿಲ್ಲಿಸಿ ಕ್ಲಿಕ್ಕಿಸಿದ. ಫೋಟೋದಲ್ಲಿ ಕೆನ್ನೆ, ಕತ್ತು ಎಲ್ಲ ಹಳದಿ ಹಸಿರಾಗಿ ಧಗಧಗ! "ಇದೇನ್ರೀ, ಮಾರಮ್ಮ ಮೈಮೇಲೆ ಬಂದಂಗಿದೀನಿ!" ಎಂದರು ಅತ್ತಿಗೆ. "ಇವತ್ತು ಬಂದಿದ್ದಲ್ಲ ಕಣೇ, ಇವತ್ತು ಕಾಣಿಸ್ತು ಅಷ್ಟೆ," ಎಂದ ಈ ಮಹಾಶಯ. ಎರಡು ದಿನ ಆ ಮನೆಯಲ್ಲಿ ಒಲೆ ಹತ್ತಲಿಲ್ಲ.

ಆಮೇಲೆ ಪಕ್ಕದ ಮನೆಯಾಕೆ ಹಾಲಿಗೆ ಹೆಪ್ಪು ಕೇಳಲು ಬಂದರು. ಬಿಳಿ ಬಟ್ಟೆ, ಸೋಪಿನ ಪುಡಿಯಲ್ಲಿ ಒಗೆದದ್ದಾಗಲಿ ಹೊಚ್ಚ ಹೊಸದಾಗಲಿ, ಆ ದೀಪಕ್ಕೆ ನೀಲಿಯಾಗಿ ಹೊಳೆಯುತ್ತದೆ. ಕತ್ತಲಲ್ಲಿ ಒಂದು ಬನಿಯನ್ನು, ಒಂದು ಪಂಚೆ, ಒಂದು ಸಾಲು ಹಲ್ಲು, ಮನುಷ್ಯನಿಲ್ಲದೆಯೇ "ಬನ್ನಿ, ಬನ್ನಿ" ಎನ್ನುತ್ತಾ ಎದುರು ಬಂದರೆ ಯಾರು ತಾನೇ ನಿಲ್ಲುತ್ತಾರೆ? "ಅಮ್ಮೋ! ದೆಯ್ಯಂ!" ಎಂದು ತೆಲುಗಿನಲ್ಲಿ ಕಿರುಚಿ, ಬಟ್ಟಲನ್ನೂ ಬಿಟ್ಟು ಓಡಿದರು. ಅಣ್ಣನಿಗೆ ಒಂದೇ ಚಿಂತೆ: "ಅಲ್ಲಾಡ್ದೆ ನಿಂತಿದ್ರೆ ಒಳ್ಳೇ ಫೋಟೋ ಬರ್ತಿತ್ತು."

ನನ್ನ ಸರದಿ ಚೇಳಿನಿಂದ ಶುರುವಾಯಿತು. ಚೇಳು ಆ ಬೆಳಕಿಗೆ ಹೊಳೆಯುತ್ತದಂತೆ. "ಕಲ್ಲು ಎತ್ತೋದು ನಿನ್ಗೆ ಅಭ್ಯಾಸ ಇದೆಯಲ್ಲ, ಒಂದು ಹಿಡ್ಕೊಂಡ್ ಬಾರೋ," ಎಂದ. ಅಭ್ಯಾಸ! ಜಲ್ಲಿ ಕಲ್ಲಿನ ರಾಶಿ ಕೆದಕಿ ಡಬ್ಬಿಯಲ್ಲಿ ತಂದುಕೊಟ್ಟೆ. ಮುಚ್ಚಳ ತೆಗೆದ, ಅದು ಸೋಫಾ ಕೆಳಗೆ ಹೋಯಿತು. ನಾವು ಮೂವರೂ ಊಟದ ಮೇಜು ಹತ್ತಿದೆವು. ಕೊನೆಗೆ ಹುಡುಕಿಕೊಟ್ಟದ್ದು ಅದೇ ಕಪ್ಪು ದೀಪ. ಅದರಿಂದ ಯಾರಿಗಾದರೂ ಆದ ಉಪಕಾರ ಅದೊಂದೇ ಎಂದುಕೊಂಡಿದ್ದೆ.

ಹೋದ ಭಾನುವಾರ, ಫೋಟೋಕ್ಕೆ ಅಡ್ಡ ಹೊಳೆಯದಿರಲೆಂದು ತಾನು ಕಪ್ಪು ಅಂಗಿ, ಕಪ್ಪು ಪ್ಯಾಂಟು ತೊಟ್ಟು, ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿದ. ಕಣ್ಣು ಮುಚ್ಚಿಸಿ, "ಅಲ್ಲಾಡ್ಬೇಡ," ಎಂದು ಗದರಿದ. ಆಮೇಲೆ ಒಂದು ಕ್ಲಿಕ್ಕು. ಕಣ್ಣು ಬಿಟ್ಟರೆ ಅಣ್ಣ ಕ್ಯಾಮೆರಾದೊಳಗೇ ಮುಳುಗಿದ್ದಾನೆ.

"ಏನಣ್ಣ, ನಾನೂ ಹೊಳೀತಿದೀನಾ?"

ತೋರಿಸಿದ. ನನ್ನ ಹಣೆ, ಕೆನ್ನೆ, ಕತ್ತಿನ ಮೇಲೆಲ್ಲ ಯಾರೋ ರಾಗಿ ಚೆಲ್ಲಿದ ಹಾಗೆ ಕಪ್ಪು ಕಲೆಗಳು. ಕನ್ನಡಿಯಲ್ಲಿ ಒಂದು ದಿನವೂ ಇಷ್ಟನ್ನು ಕಂಡವನಲ್ಲ ನಾನು. ಪಕ್ಕದಲ್ಲಿ ಅವನದೇ ಫೋಟೋ ಇತ್ತು. ಈಗಷ್ಟೇ ಸುಣ್ಣ ಹೊಡೆದ ಗೋಡೆಯಂತೆ ನುಣ್ಣಗೆ.

"ಇದೇನಿದು, ರೋಗವಾ?"

"ಬಿಸ್ಲು ಕಣೋ. ಚರ್ಮದ ಒಳಗೆ ಕೂತಿರೋದು. ಬರೀ ಕಣ್ಣಿಗೆ ಕಾಣಲ್ಲ." ತನ್ನ ಫೋಟೋವನ್ನೂ ನನ್ನದನ್ನೂ ಮತ್ತೆ ನೋಡಿದ. "ನನ್ ಪಾಲಿಂದೂ ನೀನೇ ತಿಂದ್ಬಿಟ್ಟಿದೀಯಲ್ಲೋ."

ಇಷ್ಟು ವರ್ಷ ಕೂಡಿಟ್ಟಿದ್ದ ಬೈಗುಳಗಳನ್ನೆಲ್ಲ ಬಿಟ್ಟು ನಾನು ಮಾಡಿದ್ದೇನು ಗೊತ್ತೇ? ಹಾಳಾದ್ದು, ಹೆಬ್ಬೆರಳಿನಿಂದ ಫೋಟೋದಲ್ಲಿದ್ದ ಆ ಕಲೆಗಳನ್ನು ಒರೆಸಿ ನೋಡಿದೆ!

ಅಣ್ಣ ಒಳಗೆ ಹೋದ. ಬೀರು ತೆಗೆದ ಸದ್ದು, ಅತ್ತಿಗೆಯನ್ನು ಎಲೆ ಅಡಿಕೆ ಕೇಳಿದ ಸದ್ದು. ಮತ್ತೆ ಬಂದಾಗ ಅವನು ಕಾಣಲಿಲ್ಲ. ಕತ್ತಲಲ್ಲಿ ಮಡಿಕೆ ಬಿಚ್ಚದ ಒಂದು ಹೊಸ ಪಂಚೆ ಮಾತ್ರ, ನೀಲಿಯಾಗಿ ಹೊಳೆಯುತ್ತಾ, ಗಡಗಡ ನಡುಗುತ್ತಾ ನನ್ನ ಕಡೆಗೆ ಬರುತ್ತಿತ್ತು.

"ಅಲ್ಲಾಡ್ಬೇಡಣ್ಣ," ಎಂದು ನಾನು ಎರಡೂ ಕೈ ಚಾಚಿದೆ.