ಅಕ್ಕನ ಆರುನೂರು ಎಸೆತ

ನಮ್ಮ ಅಕ್ಕನಿಗೆ ಬೇಗ ಮದುವೆಯಾಗಲಿ ಎಂದು ಕಮಲಾಪುರದಲ್ಲಿ ಅಪ್ಪನಿಗಿಂತ ಹೆಚ್ಚು ಹರಕೆ ಹೊತ್ತಿದ್ದವು ಮಂಗಗಳು. ನಮ್ಮ ಕೆಂಪುಬಾಳೆಯ ತೋಟ ಕಾಯುತ್ತಿದ್ದವಳು ಅವಳೇ. ಅವಳು ಬೀಸಿದ ಕಲ್ಲು ಗೊನೆಗೆ ತಾಗುತ್ತಿರಲಿಲ್ಲ, ಗೊನೆಗೆ ಚಾಚಿದ ಕೈಗಷ್ಟೇ ತಾಗುತ್ತಿತ್ತು. ಮಂಗಗಳು ಎರಡೂ ಬದಿಯಿಂದ ನುಗ್ಗುತ್ತಿದ್ದುದರಿಂದ ಅವಳ ಎಡಗೈಯೂ ಬಲಗೈಯಷ್ಟೇ ಪಳಗಿತ್ತು. ಮನೆಯಲ್ಲೂ ಅವಳು ಏನನ್ನೂ ಕೈಗೆ ಕೊಟ್ಟವಳಲ್ಲ. ಅವ್ವ ಬದನೆಕಾಯಿ ಕೇಳಿದರೆ ಅದು ಅಂಗಳದಿಂದ ಒಲೆಯ ಮುಂದಕ್ಕೆ ಹಾರಿ ಬರುತ್ತಿತ್ತು. ಹಿಡಿಯದಿದ್ದರೆ ತಪ್ಪು ಯಾರದು?

"ಕಣ್ಣು ಮ್ಯಾಲಿಟ್ಟು ಅಡಗಿ ಮಾಡಬೇಕವ್ವ" ಎನ್ನುತ್ತಿದ್ದಳು.

ಇಂಥವಳಿಗೆ ಕಡೆಗೂ ಒಂದು ಗಂಡು ಬಂತು. ನಿಜಾಮ ಸರ್ಕಾರದ ಕಚೇರಿಯೊಂದರಲ್ಲಿ ಕಾರಕೂನ. ಸಂಬಳವಿತ್ತು, ಕರಿ ಕೋಟು ಇತ್ತು, ಅಕ್ಕನಿಗಿಂತ ಎರಡೇ ವರ್ಷ ಚಿಕ್ಕವಳಾದ ಮಗಳೂ ಇದ್ದಳು. ಮೊದಲ ಹೆಂಡತಿ ಮಾತ್ರ ಇರಲಿಲ್ಲ, ತೀರಿಕೊಂಡಿದ್ದಳು. ಅಪ್ಪ ಒಪ್ಪಿದ. ನಾನಂತೂ ಅಪ್ಪನಿಗಿಂತ ಮೊದಲೇ ಒಪ್ಪಿದ್ದೆ. ಉರ್ದು ಶಾಲೆಯಲ್ಲಿ ಅಲಿಫ್ ದಾಟಿ ಬೇ ಮುಟ್ಟುವಷ್ಟರಲ್ಲಿ ಸುಸ್ತಾಗಿ ಮನೆ ಸೇರಿದ್ದ ನನಗೆ ಚಪರಾಸಿ ಕೆಲಸ ಕೊಡಿಸುತ್ತೇನೆಂದು ಆತ ಮಾತು ಕೊಟ್ಟಿದ್ದ. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ! ನಾನಾಗಲೇ ಕನಸಿನಲ್ಲಿ ಅದನ್ನು ತಿಕ್ಕಿ ತಿಕ್ಕಿ ಬೆಳಗುತ್ತಿದ್ದೆ.

ನಾಗರಪಂಚಮಿಗೆ ನಮ್ಮ ಕಡೆ ಗಂಡಸರು ನಿಂಬೆಹಣ್ಣಿನ ಪಂದ್ಯ ಕಟ್ಟುತ್ತಾರೆ. ಇಷ್ಟು ಎಸೆತದಲ್ಲಿ ಇಂಥ ಊರು ಮುಟ್ಟುತ್ತೇನೆಂದು ಹೇಳಿ, ಹಣ್ಣು ಬಿದ್ದಲ್ಲಿಯೇ ನಿಂತು ಮತ್ತೆ ಎಸೆಯುತ್ತ ಹೋಗಬೇಕು. ಹಬ್ಬದ ಹಿಂದಿನ ದಿನ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತಿದ್ದಾಗ ಅಕ್ಕ ಹೋಗಿ ಅಪ್ಪನ ಎದುರು ನಿಂತಳು.

"ಅಪ್ಪ, ಕಲಬುರಗಿ ಶರಣಬಸವೇಶ್ವರ ಗುಡಿ ಪಾವಟಿಗಿ ಆರುನೂರು ಎಸೆತದಾಗ ಮುಟ್ಟತೀನಿ. ಮುಟ್ಟಿದ್ರ ನನಗ ಆ ಕಾರಕೂನ ಬ್ಯಾಡ."

"ಮುಟ್ಟಲಿಲ್ಲಂದ್ರ?"

"ಬಾಯಿ ಮುಚಗೊಂಡು ತಾಳಿ ಕಟ್ಟಿಸ್ಕೋತೀನಿ."

ಆ ಗುಡಿಯ ಮೆಟ್ಟಿಲಿಗೆ ಎಂಟು ಹರದಾರಿ, ಅಂದರೆ ಇಪ್ಪತ್ನಾಲ್ಕು ಮೈಲಿ ದಾರಿ! ಪಕ್ಕದ ಹಳ್ಳಿಗೆ ಪಂದ್ಯ ಕಟ್ಟಿದ ಗಂಡಸರೇ ವಾರಗಟ್ಟಲೆ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಹತ್ತು ಜನರೆದುರು ಮಾತು ಕೊಟ್ಟ. ಎಣಿಸಲು ಅಕ್ಕ ನನ್ನನ್ನೇ ಆರಿಸಿದಳು.

"ಎಣಕಿ ಒಂದು ಬಿಟ್ರ ಅವಗ ಬ್ಯಾರೆ ಏನೂ ಬರಂಗಿಲ್ಲ" ಎಂಬುದು ಅವಳು ಕೊಟ್ಟ ಕಾರಣ.

ನನ್ನ ಹೆಗಲಿಗೆ ಒಂದು ಚೀಲ, ಅದರಲ್ಲಿ ಆರುನೂರು ಹುಣಸೆಬೀಜ. ಒಂದು ಎಸೆತಕ್ಕೆ ಒಂದು ಬೀಜ ನೆಲಕ್ಕೆ ಬಿಡಬೇಕು. ಚೀಲ ಬರಿದಾದರೆ ಪಂದ್ಯ ಮುಗಿಯಿತು.

ಬೆಳಕು ಹರಿಯುತ್ತಲೇ ಹೊರಟೆವು. ಅಪ್ಪ, ಸಾಕ್ಷಿಗೆ ಗೌಡರು, ಹಿಂದೆ ಅರ್ಧ ಊರು. ಅಕ್ಕ ಕಚ್ಚೆ ಬಿಗಿದು ಎಸೆದಳು ನೋಡಿ, ಹಣ್ಣು ಮೇಲೆ ಹೋಗಿ ಮೋಡಗಳ ಕ್ಷೇಮಸಮಾಚಾರ ವಿಚಾರಿಸಿಕೊಂಡು ಇಳಿಯಿತು. ಶ್ರಾವಣದ ಕೆಸರಿನಲ್ಲಿ ಬಿದ್ದ ಹಣ್ಣು ಒಂದು ಗೇಣೂ ಉರುಳುವುದಿಲ್ಲ. ದೂರವೆಲ್ಲ ತೋಳಿನದೇ. ಎಲ್ಲರೂ ಕತ್ತೆತ್ತಿ ಹಣ್ಣು ನೋಡುತ್ತಿದ್ದರು. ನನ್ನ ಕೈಯನ್ನು ಯಾರೂ ನೋಡಲಿಲ್ಲ. ಒಂದು ಬೀಜ ಬಿಡಬೇಕಾದ ಕೈ ಆಗಾಗ ಎರಡು ಬಿಟ್ಟಿತು. ಹೇಳಿಯೇ ಬಿಡುತ್ತೇನೆ: ಮಧ್ಯಾಹ್ನದೊಳಗೆ ನಾನು ನನ್ನ ಅಕ್ಕನ ನಲವತ್ತು ಎಸೆತ ಕದ್ದಿದ್ದೆ.

ಆಗ ಒಂದು ತಮಾಷೆ ನಡೆಯಿತು. ಕಲಬುರಗಿಯ ಕಡೆ ಹೊರಟ ಮೇವಿನ ಗಾಡಿಯೊಂದರೊಳಗೆ ಹಣ್ಣು ಹೋಗಿ ಬಿತ್ತು. ಗಾಡಿಯವನಿಗೆ ಜೋಂಪು. ನಾವು ಕೂಗಿ ಎಬ್ಬಿಸುವಷ್ಟರಲ್ಲಿ ಎತ್ತುಗಳು ಹಣ್ಣನ್ನು ಅರ್ಧ ಹರದಾರಿ ಮುಂದೆ ಒಯ್ದಿದ್ದವು. ಜನ ಸಿಳ್ಳೆ ಹಾಕಿದರು. ಗೌಡರು ಕೂಡ, "ದೇವರು ಕೊಟ್ಟಾನ, ತಗೋವ್ವ. ಇಲ್ಲಿಂದನ ಒಗಿ" ಎಂದರು.

ಅಕ್ಕ ಹಣ್ಣು ತೆಗೆದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು.

"ಎತ್ತು ಎಳದದ್ದು ನಾ ಒಗದಂಗ ಆಗ್ತದೇನ್ರಿ ಗೌಡ್ರ?"

ಅರ್ಧ ಹರದಾರಿ ಹಿಂದೆ ಹೋಗಿ, ಹಣ್ಣು ಬಿದ್ದಾಗ ಗಾಡಿ ಇದ್ದ ಜಾಗದಿಂದಲೇ ಮತ್ತೆ ಎಸೆದಳು. ನನಗೆ ಚೀಲದ ಭಾರ ಆಗಲೇ ಗೊತ್ತಾದದ್ದು. ಆಮೇಲೆ ಒಂದು ಬೀಜವನ್ನೂ ಹೆಚ್ಚಿಗೆ ಬಿಡಲಿಲ್ಲ. ಆದರೆ ನಾಲ್ಕೈದು ಹರದಾರಿಯ ಕೆಸರಿನಲ್ಲಿ ಹೂತದ್ದನ್ನು ಆರಿಸಿ ತರುವುದು ಹೇಗೆ? ಬಾಯಿ ಬಿಟ್ಟು ಹೇಳಬಹುದಿತ್ತು. ಅಪ್ಪನ ಕೈಯಲ್ಲಿ ಬಡಿಗೆಯಿತ್ತು, ನನ್ನ ಕಣ್ಣಲ್ಲಿ ಇನ್ನೂ ಬಿಲ್ಲೆಯಿತ್ತು.

ಕಲಬುರಗಿ ಹೊಕ್ಕು ಮೋಮಿನಪುರಕ್ಕೆ ಬರುವಷ್ಟರಲ್ಲಿ ಅವಳ ಬಲಗೈ ಸತ್ತಿತ್ತು. ಅಕ್ಕ ಎಡಗೈಗೆ ಹಣ್ಣು ಬದಲಿಸಿದಳು. ಓಣಿ ಇಕ್ಕಟ್ಟು. ಹಣ್ಣು ಹೋಗಿ ಖಾನಾವಳಿಯೊಂದರ ಮಾಳಿಗೆಯ ಮೇಲೆ ಕೂತಿತು. ಬಿದ್ದಲ್ಲಿಂದಲೇ ಎಸೆಯಬೇಕಲ್ಲ! ಖಾನಾವಳಿಯ ಮುದುಕ ಹೊರಗೆ ಬಂದ.

"ಕ್ಯಾ ಹುವಾ ಬೇಟಿ?"

"ನಿಮ್ಮ ಮಾಳಗಿ ಮ್ಯಾಲೆ ನನ್ನ ಲಗ್ನ ಕುಂತದ ಚಾಚಾ, ಇಳಸಬೇಕು."

ಮುದುಕನಿಗೆ ಏನು ತಿಳಿಯಿತೋ, ಏಣಿ ತಂದು ತಾನೇ ಹಿಡಿದು ನಿಂತ. "ಹತ್ತು ಬೇಟಿ. ಇಂಥಾ ಲಗ್ನ ಊರ ಹೊರಗ ಒಗಿ" ಎಂದ. ಮಾಳಿಗೆಯ ಮೇಲಿಂದ ಅಕ್ಕ ಬೀಸಿದ ಎಸೆತ ಮೂರು ಓಣಿ ದಾಟಿತು. ಅರ್ಧ ಮೋಮಿನಪುರ ನಮ್ಮ ಹಿಂದೆ ಬಂತು.

ಗುಡಿ ಕಂಡಾಗ ಚೀಲದಲ್ಲಿ ಉಳಿದದ್ದು ಮೂರೇ ಬೀಜ. ಮೊದಲ ಎಸೆತ ಗಿಡಕ್ಕೆ ಸಿಕ್ಕಿ ನೆಟ್ಟಗೆ ಕೆಳಗೆ ಬಿತ್ತು. ಎರಡನೆಯದು ಅಡ್ಡ ಬಂದ ಎಮ್ಮೆಯ ಕೊಂಬಿಗೆ ಬಡಿದು ಹಿಂದಕ್ಕೆ ಸಿಡಿಯಿತು. ಅಪ್ಪ ನಗುವುದನ್ನು ಯಾವಾಗಲೋ ಬಿಟ್ಟಿದ್ದ.

"ಸಾಕು ಬಿಡವ್ವ, ಕೈ ಹೋದೀತು" ಎಂದ.

"ಕೈ ಹೋದ್ರ ಹೋಗ್ಲಿ, ನಾ ಹೋಗಂಗಿಲ್ಲ."

ಎಡಗೈಯೂ ಭುಜದ ಮೇಲಕ್ಕೆ ಏಳಲಿಲ್ಲ. ಅಕ್ಕ ಎರಡೂ ಅಂಗೈಯಲ್ಲಿ ಹಣ್ಣು ಹಿಡಿದು, ಬಾವಿಯಿಂದ ಕೊಡ ಎತ್ತುವವಳ ಹಾಗೆ ಕೆಳಗಿನಿಂದ ಮೈಯೆಲ್ಲ ಸೇರಿಸಿ ತೂರಿದಳು. ಹಣ್ಣು ಗುಡಿಯ ಮೊದಲ ಪಾವಟಿಗೆಗೆ ಬಡಿದು ಒಡೆದು, ರಸ ಕಲ್ಲಿನ ಮೇಲೆ ಚಿಮ್ಮಿತು. ನನ್ನ ಕೊನೆಯ ಬೀಜ ನೆಲಕ್ಕೆ ಬಿತ್ತು. ಅಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ.

"ಗೌಡ್ರ, ಕಾರಕೂನಗ ಹೇಳಿ ಕಳಸ್ರಿ. ನಮ್ಮ ಹುಡುಗಿ ಸಿಗಂಗಿಲ್ಲ."

ನಮ್ಮೂರಲ್ಲಿ ಇವತ್ತಿಗೂ ಅಕ್ಕನ ಆರುನೂರು ಎಸೆತದ ಮಾತಾಡುತ್ತಾರೆ. ಅವಳು ಎಸೆದದ್ದು ಐನೂರ ಅರವತ್ತೇ ಎಂದು ಬಲ್ಲವನು ನಾನೊಬ್ಬನೇ. ಅವಳಿಗೂ ಹೇಳಲಿಲ್ಲ.

ಹೇಳಬೇಕೆಂದು ಹೊರಟದ್ದು ಒಂದೇ ಸಲ, ಆ ಸಂಜೆ, ಗುಡಿಯ ದಾಸೋಹದಲ್ಲಿ. ಅಕ್ಕನ ಎರಡೂ ಕೈ ಊದಿ ತುತ್ತು ಎತ್ತಲಾಗುತ್ತಿರಲಿಲ್ಲ. "ತಮ್ಮಾ, ನೀನ ಉಣ್ಣಸಪ್ಪ" ಎಂದಳು. ರೊಟ್ಟಿ ಮುರಿದು ಪಲ್ಯ ಹಚ್ಚಿ ಅವಳ ಬಾಯಿಯವರೆಗೆ ಒಯ್ದೆ. ನನ್ನ ಬೆರಳು ಗಡಗಡ ನಡುಗುತ್ತಿದ್ದವು. ಅಕ್ಕಾ, ಎಂದೆ. ಮುಂದಿನ ಮಾತು ಹೊರಡುವ ಮೊದಲೇ ಅವಳು ನನ್ನ ಕೈ ನೋಡಿದಳು.

"ಮುಂಜಾನಿಂದ ಬೀಜ ಎಣಸಿ ಎಣಸಿ ನಿನ್ನ ಕೈನೂ ಸೋತಾವ ನೋಡು" ಎಂದಳು. "ಮೊದಲ ನೀ ಉಣ್ಣು."